ಗೂರ್ಖ ಲೆಕ್ಕ ಕೊಡಲಿಲ್ಲ ಎಂಬ ವಿಷಯ

ಪೆರ್ಲ ಅಂಗಡಿ · ಆಗಸ್ಟ್ 10, 2024, ರಾತ್ರಿ 9:40

ಮೊನ್ನೆ ಇಲ್ಲಿ ಕಾಸರಗೋಡಿನ ಪೆರ್ಲದಲ್ಲಿ ನಮ್ಮ ಕ್ಲಬ್ಬಿನ ಮೀಟಿಂಗ್ ಇತ್ತು. ವಯನಾಡಿಗೆ ಏನು ಕಳಿಸುವುದು ಅಂತ. ಜುಲೈ 30ರ ನಸುಕಿಗೆ ಅಲ್ಲಿ ಗುಡ್ಡ ಜರಿದು ಮುಂಡಕೈ, ಚೂರಲ್ಮಲ ಊರುಗಳು ಕೊಚ್ಚಿ ಹೋದ ಮೇಲೆ ಇಲ್ಲಿ ಜೋರು ಮಳೆ ಬಂದ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ನಮ್ಮದೂ ಗುಡ್ಡದ ಊರೇ ಅಲ್ವಾ. ವಯನಾಡಿನದ್ದಕ್ಕೆ ಎರಡು ವಾರ ಮೊದಲು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿದ್ದನ್ನೂ ನೋಡಿದ್ದೆವು. ಹಾಗಾಗಿ ಹಣ ಎತ್ತುವ ವಿಷಯಕ್ಕೆ ತಕರಾರು ಇರಲಿಲ್ಲ. ತಕರಾರು ಬಂದದ್ದು ಕೊನೆಗೆ. ಹಿರಿಯರೊಬ್ಬರು ಎದ್ದು ನಿಂತು ಹೇಳಿದರು: "ಕೊಡುವುದು ಕೊಡಿ. ಆದರೆ ಆ ಗೂರ್ಖನಿಗೆ ಕೊಟ್ಟ ಹಾಗೆ ಆಗಬಾರದು. ತೆಕ್ಕೊಂಡು ಹೋದವ ಹೋದ. ಒಂದು ಸುದ್ದಿ ಇಲ್ಲ, ಒಂದು ಲೆಕ್ಕ ಇಲ್ಲ."

ಎಲ್ಲರೂ ಹೌದು ಹೌದು ಅಂದರು. ನಾನು ಸುಮ್ನೆ ಕೂತೆ. ಅಂದಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹಿಂದಿನ ಕತೆ. ನಮ್ಮ ಪೇಟೆಗೆ ಒಬ್ಬ ಗೂರ್ಖ ಇದ್ದ. ರಾತ್ರಿ ಸೀಟಿ ಊದಿಕೊಂಡು, ದೊಣ್ಣೆಯಿಂದ ನೆಲಕ್ಕೆ ಕುಟ್ಟಿಕೊಂಡು ತಿರುಗುವುದು, ತಿಂಗಳ ಮೊದಲ ವಾರ ಅಂಗಡಿ ಅಂಗಡಿಗೆ ಬಂದು ಸಲಾಂ ಹೊಡೆದು ಇಪ್ಪತ್ತೋ ಮೂವತ್ತೋ ತೆಗೆದುಕೊಂಡು ಹೋಗುವುದು. ಹಿಂದಿ, ಮಲಯಾಳ, ತುಳು ಎಲ್ಲ ಕಲಸಿ ಮಾತಾಡುತ್ತಿದ್ದ. ನಾವೆಲ್ಲ ಕರೆಯುತ್ತಿದ್ದದ್ದು ಬಹಾದ್ದೂರ್ ಅಂತ. ಅವನ ಮೊದಲು ಇದ್ದವನನ್ನೂ ಹಾಗೇ ಕರೆದಿದ್ದೆವು.

2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನ ಟಿವಿಯಲ್ಲಿ ನೇಪಾಳದ ಭೂಕಂಪ ತೋರಿಸಲು ಶುರು ಮಾಡಿದರು. 7.8 ತೀವ್ರತೆ, ಗೂರ್ಖಾ ಜಿಲ್ಲೆಯಲ್ಲಿ ಕೇಂದ್ರ. ಕಠ್ಮಂಡುವಿನ ಧರಹರಾ ಗೋಪುರ ಬುಡದಿಂದ ಮುರಿದು ಬಿದ್ದದ್ದನ್ನು ಹತ್ತು ಸಲವಾದರೂ ತೋರಿಸಿರಬೇಕು. ಅಂಗಡಿಯಲ್ಲಿ ಕೂತು ಅಯ್ಯೋ ಪಾಪ ಅಂದೆ, ಗಿರಾಕಿಗೆ ಚಿಲ್ಲರೆ ಕೊಟ್ಟೆ. ಬಹಾದ್ದೂರನ ನೆನಪು ಆಗಲೇ ಇಲ್ಲ, ದೇವರಾಣೆ. ಅವನು ರಾತ್ರಿ ಕೆಲಸದವನು, ಹಗಲು ಮಲಗುವವನು. ಊರು ಬಿದ್ದಾಗ ಇಲ್ಲಿ ನಿದ್ದೆಯಲ್ಲಿದ್ದ.

ಸಂಜೆ ಐದಕ್ಕೆ ರೀಚಾರ್ಜ್ ಮಾಡಿಸಲು ಬಂದ. ಟಿವಿ ನೋಡಿ ನಿಂತುಬಿಟ್ಟ. "ಸಿಂಧುಪಾಲ್ಚೋಕ್, ಸಿಂಧುಪಾಲ್ಚೋಕ್" ಅಂತ ಎರಡು ಸಲ ಹೇಳಿದ. ನನಗೆ ಅದೇನೋ ದೇವರ ಹೆಸರು ಅನಿಸಿತು. ಆಮೇಲೆ ಗೊತ್ತಾಯಿತು, ಅದು ಅವನ ಜಿಲ್ಲೆ. ಆ ಭೂಕಂಪದಲ್ಲಿ ಅತಿ ಜಾಸ್ತಿ ಜನ ಸತ್ತದ್ದು ಅದೇ ಜಿಲ್ಲೆಯಲ್ಲಿ.

ಮೂರು ದಿನ ಫೋನ್ ಹೋಗಲಿಲ್ಲ. ನಾಲ್ಕನೇ ದಿನ ಭಾವ ಸಿಕ್ಕಿದ. ಹೆಂಡತಿ, ಮಕ್ಕಳು ಇದ್ದಾರೆ, ಅಪ್ಪ ಇಲ್ಲ, ಮನೆ ಇಲ್ಲ. ಆವತ್ತು ಸಂಜೆಯೇ ನಾವು ನಾಲ್ಕು ಮಂದಿ ಪೇಟೆಯಲ್ಲಿ ತಿರುಗಿದೆವು. 26,340 ರೂಪಾಯಿ ಆಯಿತು. ಮೀನಿನವರು, ಆಟೋದವರು, ಹೋಟೆಲಿನವರು ಎಲ್ಲ ಕೊಟ್ಟರು. ಬೇಸಿಗೆ ರಜೆ, ರೈಲಿನಲ್ಲಿ ಜಾಗವಿಲ್ಲ. ತತ್ಕಾಲಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದೆವು. ಫಾರಂ ತುಂಬುವಾಗ ಹೆಸರು ಏನು ಅಂತ ಕೇಳಬೇಕಾಯಿತು. ಆರು ವರ್ಷ ನನ್ನ ಅಂಗಡಿ ಕಾದವನ ಹೆಸರು ಆವತ್ತು ಮೊದಲ ಸಲ ಕೇಳಿದ್ದು.

ಕಾಸರಗೋಡು ಸ್ಟೇಷನ್ನಿನಲ್ಲಿ ಬಿಟ್ಟು ಬಂದೆವು. ಹಣವೆಲ್ಲ ನೂರರ ನೋಟಾಗಿ ಬೇಕು, ಅಲ್ಲಿ ದೊಡ್ಡ ನೋಟು ನಡೆಯುವುದು ಕಷ್ಟ ಅಂದಿದ್ದ. ಅದನ್ನು ಬನಿಯನ್ನಿನ ಒಳಗೆ ಕಟ್ಟಿಕೊಂಡು ಹೋದ. ಆಮೇಲೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಅವನು ನಮಗೆ ಲೆಕ್ಕ ಕೊಡಬೇಕಿತ್ತಾ?

ರಶೀದಿ ಪುಸ್ತಕ · ಆಗಸ್ಟ್ 10, ರಾತ್ರಿ 10:15

ಅಣ್ಣ, ನೀವು ಯಾರೆಂದು ನನಗೆ ಗೊತ್ತಾಯಿತು. ನಾನೂ ಅದೇ ಮೀಟಿಂಗಿನಲ್ಲಿ ಇದ್ದೆ, ಅದೇ ಕ್ಲಬ್ಬಿನ ಈಗಿನ ಖಜಾಂಚಿ. ಇರಲಿ.

ನನ್ನ ಮಾತು ನೇರ. ಸಾರ್ವಜನಿಕರಿಂದ ಎತ್ತಿದ ಹಣಕ್ಕೆ ಲೆಕ್ಕ ಇರಲೇಬೇಕು. ಕೊಟ್ಟವರಲ್ಲಿ ದಿನಕ್ಕೆ ನಾನೂರು ದುಡಿಯುವವರೂ ಇದ್ದರು. ಈ ಸಲ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಬ್ಯಾಂಕಿನಿಂದಲೇ ಹಾಕುವುದು, ರಶೀದಿ ತಂದು ಕ್ಲಬ್ಬಿನ ಗೋಡೆಗೆ ಅಂಟಿಸುವುದು. ಗೂರ್ಖ ಒಳ್ಳೆಯವನೋ ಕೆಟ್ಟವನೋ ಅನ್ನುವುದು ಬೇರೆ ವಿಷಯ.

ಕುಂಬಳೆ ಬಸ್ · ಆಗಸ್ಟ್ 10, ರಾತ್ರಿ 10:50

ರಶೀದಿ ಇದ್ದರೂ ಎಡವಟ್ಟು ಆಗುತ್ತದೆ ಮಾರಾಯ್ರೇ. 2005ರ ಜನವರಿಯಲ್ಲಿ ನಾನು ಸುನಾಮಿಗೆ ಅಂತ ಬಟ್ಟೆ ತುಂಬಿದ ಲಾರಿಯಲ್ಲಿ ನಾಗಪಟ್ಟಣಕ್ಕೆ ಹೋದವ. ಇಲ್ಲಿಂದ ಹೊರಡುವಾಗ ಬ್ಯಾನರ್, ತೆಂಗಿನಕಾಯಿ ಒಡೆದದ್ದು, ಎಲ್ಲ ಇತ್ತು. ಬಟ್ಟೆಗೆ ಮೂಟೆ ಲೆಕ್ಕದಲ್ಲಿ ರಶೀದಿಯೂ ಇತ್ತು.

ಅಲ್ಲಿ ನೋಡಿದರೆ ರಸ್ತೆಯ ಎರಡೂ ಬದಿ ಬಟ್ಟೆಯ ರಾಶಿ. ನಮ್ಮ ಹಾಗೆಯೇ ಬಂದ ಲಾರಿಗಳು ಸುರಿದು ಹೋದದ್ದು. ಯಾರೂ ಮುಟ್ಟುತ್ತಿರಲಿಲ್ಲ. ದನ ಮಲಗಿತ್ತು ಅದರ ಮೇಲೆ. ಒಬ್ಬಳು ಮುದುಕಿ ನಮ್ಮ ಮೂಟೆಯಿಂದ ಒಂದು ಬ್ಲೌಸ್ ಎತ್ತಿ ನೋಡಿದಳು. ಕಂಕುಳಲ್ಲಿ ಹರಿದಿತ್ತು. ಏನೂ ಹೇಳದೆ ವಾಪಸ್ ಇಟ್ಟಳು. ಬಲೆ, ದೋಣಿ ಎಲ್ಲ ಇದ್ದವರು ಅವರು, ಒಂದು ತಿಂಗಳ ಹಿಂದಿನವರೆಗೂ. ನಮ್ಮ ಮನೆಯ ನೆಲ ಒರೆಸಬೇಕಾದ ಬಟ್ಟೆಯನ್ನು 600 ಕಿಲೋಮೀಟರಿಗೂ ಜಾಸ್ತಿ ದೂರ ಡೀಸೆಲ್ ಸುಟ್ಟು ಕೊಂಡುಹೋಗಿದ್ದೆವು.

ದಿಲ್ಲಿಯ ಗೂಂಜ್ ಸಂಸ್ಥೆಯವರು ಆಮೇಲೆ ಅಂಥ ಬಟ್ಟೆಯನ್ನು ಆರಿಸಿ, ಹೊಲಿದು, ಬೇರೆ ಉಪಯೋಗಕ್ಕೆ ತಂದರು. ಅವರದ್ದು ದೊಡ್ಡ ಕೆಲಸ. ಆದರೆ ನಮ್ಮ ಕಸವನ್ನು ಇನ್ನೊಬ್ಬರು ಗುಡಿಸಿದ ಹಾಗೇ ಅಲ್ವಾ ಅದು.

ದೋಹಾದಲ್ಲಿ ಪುತ್ತಿಗೆ · ಆಗಸ್ಟ್ 11, ಬೆಳಿಗ್ಗೆ 6:05

ಅಂಗಡಿಯವರೇ, ಇದನ್ನು ಓದಿ ರಾತ್ರಿ ಮಲಗಲಾಗಲಿಲ್ಲ. 2015ರಲ್ಲಿ ನಮ್ಮ ರೂಮಿನಲ್ಲಿ ಎಂಟು ಮಂದಿ. ಐವರು ನೇಪಾಳದವರು. ಇಲ್ಲಿ ಶನಿವಾರ ಕೆಲಸದ ದಿನ. ಸೈಟಿನಲ್ಲಿ ಒಬ್ಬೊಬ್ಬರೇ ಹೆಲ್ಮೆಟ್ ತೆಗೆದು ಕೂತರು. ಇಪ್ಪತ್ತು ಸಲ, ಮೂವತ್ತು ಸಲ ಡಯಲ್ ಮಾಡುವುದು. ಹೋಗುವುದಿಲ್ಲ. ನಮ್ಮ ಫೋರ್‌ಮನ್ ಒಳ್ಳೆಯವ, ಆ ದಿನ ಏನೂ ಹೇಳಲಿಲ್ಲ.

ಆ ಬಹಾದ್ದೂರನಿಗೆ ಅಲ್ಲಿ ಏನಾಗಿರಬಹುದು ಎಂದು ನಾನು ಹೇಳುತ್ತೇನೆ, ನನ್ನ ರೂಮಿನವರ ಕಷ್ಟ ನೋಡಿ ಗೊತ್ತಿದ್ದಷ್ಟು. ಅವನು ಊರು ಮುಟ್ಟುವಾಗ ಮೇ ತಿಂಗಳು. ಅಲ್ಲಿನ ಹಳ್ಳಿ ಮನೆಗಳು ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ್ದು, ಸಿಮೆಂಟ್ ಇಲ್ಲ. ಮೊದಲ ಸಲಕ್ಕೆ ಅರ್ಧ ಬಿದ್ದ ಮನೆಗಳು ಮೇ 12ಕ್ಕೆ ಪೂರ್ತಿ ಬಿದ್ದವು. ಆವತ್ತು ಇನ್ನೊಂದು ದೊಡ್ಡ ಭೂಕಂಪ, 7.3. ಅದರ ಕೇಂದ್ರ ಸಿಂಧುಪಾಲ್ಚೋಕಿನ ಪಕ್ಕದಲ್ಲೇ. ಆಮೇಲೆ ಜೂನ್, ಮಳೆ. ಗುಡ್ಡ ಮೊದಲೇ ಸಡಿಲವಾಗಿತ್ತು, ಮಳೆಗೆ ಜಾರಿ ರಸ್ತೆ ಮುಚ್ಚುತ್ತಿತ್ತು.

ಆಗ ಎಲ್ಲರ ಬಾಯಲ್ಲೂ ಒಂದೇ ಶಬ್ದ, ಜಸ್ತಾ. ತಗಡಿನ ಶೀಟು. ಅನ್ನವನ್ನಾದರೂ ಯಾರಾದರೂ ಕೊಡುತ್ತಾರೆ, ಮಳೆಗೆ ಮೊದಲು ತಲೆ ಮೇಲೆ ತಗಡು ಬೇಕು. ಸರಕಾರ ತಾತ್ಕಾಲಿಕ ಸೂರಿಗೆ ಕೊಟ್ಟದ್ದು 15,000 ನೇಪಾಳಿ ರೂಪಾಯಿ. ನಮ್ಮ ನೂರಕ್ಕೆ ಅವರದ್ದು 160, ಅದು ತುಂಬ ವರ್ಷದಿಂದ ಅಷ್ಟೇ. ನೀವು ಕೊಟ್ಟ 26,340 ಅಂದರೆ ಅಲ್ಲಿ 42,144. ದಾರಿ ಖರ್ಚು ಕಳೆದರೂ ಸರಕಾರ ಕೊಟ್ಟದ್ದಕ್ಕಿಂತ ಜಾಸ್ತಿಯೇ. ಪಕ್ಕಾ ಮನೆಗೆ ಮೂರು ಲಕ್ಷ ಅಂತ ಆಮೇಲೆ ಕೊಟ್ಟರು, ಅದೂ ಮೂರು ಕಂತು, ಒಂದೊಂದು ಹಂತಕ್ಕೂ ಇಂಜಿನಿಯರ್ ಬಂದು ನೋಡಿ ಬರೆಯಬೇಕು. ನನ್ನ ರೂಮಿನ ಒಬ್ಬನ ಹೆಂಡತಿ ಎರಡನೇ ಕಂತಿಗೆ ವರ್ಷಗಟ್ಟಲೆ ಅಲೆದಳು.

ಇಂಥಲ್ಲಿ ಪೆರ್ಲಕ್ಕೆ ಲೆಕ್ಕ ಬರೆದು ಕಳಿಸುವವನು ಯಾರು ಹೇಳಿ.

ಹಳೇ ಮಾಷ್ಟ್ರು · ಆಗಸ್ಟ್ 11, ಬೆಳಿಗ್ಗೆ 9:30

ಶನಿವಾರ ಎಂಬುದರ ಬಗ್ಗೆ ಒಂದು ಮಾತು. ನೇಪಾಳದಲ್ಲಿ ವಾರದ ರಜೆ ಶನಿವಾರ. ಸಾವಿರಾರು ಶಾಲೆ ಬಿದ್ದವು, ಮಕ್ಕಳು ಒಳಗಿರಲಿಲ್ಲ. ಒಂದು ದಿನ ಆಚೀಚೆ ಆಗಿದ್ದರೆ ಯೋಚಿಸಲೂ ಆಗುವುದಿಲ್ಲ. 2001ರ ಜನವರಿ 26ಕ್ಕೆ ಕಛ್‌ನಲ್ಲಿ ಇದಕ್ಕೆ ತದ್ವಿರುದ್ಧ ಆಯಿತು. ಬೆಳಿಗ್ಗೆ 8:46. ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಹೋಗುತ್ತಿದ್ದ ಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡ ಬಿತ್ತು. ಆ ಹೊತ್ತಿಗೆ ನಾನು ನನ್ನ ಶಾಲೆಯ ಮಕ್ಕಳನ್ನು ಬಾವುಟದ ಕೆಳಗೆ ಸಾಲು ನಿಲ್ಲಿಸುತ್ತಿದ್ದೆ. ಇಪ್ಪತ್ತಮೂರು ವರ್ಷವಾಯಿತು, ಪ್ರತಿ ಜನವರಿ 26ಕ್ಕೂ ಆ ಸಾಲು ಕಣ್ಣಿಗೆ ಬರುತ್ತದೆ.

ನಾನು ಹೇಳಲು ಬಂದದ್ದು ನನ್ನ ಒಂದು ತಪ್ಪು. 2015ರಲ್ಲಿ ನಾನು ಕೆಲಸದಲ್ಲಿದ್ದ ಕೊನೆಯ ವರ್ಷ. ಜೂನ್‌ನಲ್ಲಿ ಶಾಲೆ ತೆರೆದಾಗ ನೇಪಾಳದ ಮಕ್ಕಳಿಗೆ ಅಂತ ಪುಸ್ತಕ, ಪೆನ್ಸಿಲ್ ಸಂಗ್ರಹಿಸಿದೆವು. ಮಕ್ಕಳು ತಮ್ಮ ಹೊಸ ಪುಸ್ತಕವನ್ನೇ ತಂದುಕೊಟ್ಟರು. ಎರಡು ರಟ್ಟಿನ ಪೆಟ್ಟಿಗೆ ಆಯಿತು. ಕಳಿಸುವುದು ಹೇಗೆ? ಅಂಚೆಯಲ್ಲಿ ವಿಚಾರಿಸಿದರೆ ಪುಸ್ತಕದ ಬೆಲೆಗಿಂತ ಅಂಚೆಗೇ ಜಾಸ್ತಿ. ಮುಂದಿನ ವಾರ ನೋಡುವ, ಮುಂದಿನ ತಿಂಗಳು ನೋಡುವ ಅಂತ ಆಯಿತು. ನಾನು ನಿವೃತ್ತನಾದೆ. ಎರಡು ವರ್ಷದ ಮೇಲೆ ಒಂದು ಸಲ ಶಾಲೆಗೆ ಹೋದಾಗ ಕಪಾಟಿನ ಕೆಳಗೆ ಅವೇ ಪೆಟ್ಟಿಗೆ ಕಂಡೆ. ಗೆದ್ದಲು ಹಿಡಿದಿತ್ತು. ಮೇಲಿನ ಪುಸ್ತಕದ ಲೇಬಲಿನಲ್ಲಿ ಮೂರನೇ ತರಗತಿಯ ಯಾವುದೋ ಮಗುವಿನ ಅಕ್ಷರದಲ್ಲಿ "ನೇಪಾಳದ ಗೆಳೆಯನಿಗೆ" ಎಂದಿತ್ತು.

ಯಾವ ಮಗುವೂ ನನ್ನಲ್ಲಿ ಲೆಕ್ಕ ಕೇಳಲಿಲ್ಲ. ಗೂರ್ಖನಲ್ಲಿ ಕೇಳುವವರು ಮೊದಲು ನನ್ನಲ್ಲಿ ಕೇಳಬಹುದು.

ಎರಡು ಭಾಷೆ · ಆಗಸ್ಟ್ 11, ಮಧ್ಯಾಹ್ನ 1:20

ನಾನು ಆಗಸ್ಟ್ 2ರಿಂದ ನಾಲ್ಕು ದಿನ ವಯನಾಡಿನ ಮೇಪ್ಪಾಡಿಯಲ್ಲಿದ್ದೆ. ಮಣ್ಣು ತೆಗೆಯಲು, ಅನ್ನ ಬಡಿಸಲು ಅಂತ ಹೋದದ್ದು. ಸೇನೆಯವರು ಆಗಷ್ಟೇ 190 ಅಡಿಯ ಬೈಲಿ ಸೇತುವೆ (ಕಬ್ಬಿಣದ ಬಿಡಿ ಭಾಗ ಜೋಡಿಸುವಂಥದ್ದು) ಕಟ್ಟಿ ಮುಗಿಸಿದ್ದರು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನವರು. ಮಣ್ಣು ತೆಗೆಯಲು ಯಂತ್ರ ಇತ್ತು, ಜನರೂ ಬೇಕಾದಷ್ಟಿದ್ದರು. ನಮ್ಮಂಥವರು ನಡುವೆ ಹೋದರೆ ಅವರಿಗೆ ತೊಂದರೆಯೇ.

ಸಂಜೆ ಆಸ್ಪತ್ರೆಯ ಹೊರಗೆ ಸುಮ್ನೆ ನಿಂತಿದ್ದಾಗ ಒಬ್ಬ ಹೆಂಗಸು ಕನ್ನಡದಲ್ಲಿ ಅಳುವುದು ಕೇಳಿತು. ಚಾಮರಾಜನಗರ ಕಡೆಯವರು. ತಂಗಿಯ ಕುಟುಂಬ ಅಲ್ಲಿ ಎಸ್ಟೇಟಿನಲ್ಲಿ ಕೆಲಸಕ್ಕಿತ್ತಂತೆ. ಚಾಮರಾಜನಗರ, ಮಂಡ್ಯ ಮೂಲದವರೂ ಆ ದುರಂತದಲ್ಲಿ ಹೋಗಿದ್ದಾರೆ, ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿ ಬರೆದು ಹಾಕಿದ್ದೆಲ್ಲ ಮಲಯಾಳದಲ್ಲಿ. ಡಿಎನ್ಎಗೆ ರಕ್ತ ಕೊಡಬೇಕು ಎಂದು ಒಬ್ಬರು ಹೇಳಿದ್ದಾರೆ, ಅವರಿಗೆ ತಲೆಬುಡ ಅರ್ಥವಾಗಿಲ್ಲ. ರಕ್ತ ಯಾಕೆ, ತಂಗಿ ಬದುಕಿದ್ದಾಳಾ, ರಕ್ತ ಬೇಕಾಗಿದೆಯಾ ಅಂತ ನನ್ನಲ್ಲಿ ಕೇಳಿದರು.

ನಾನು ಹೇಳಬೇಕಾಯಿತು. ಸಿಕ್ಕಿದ ದೇಹಗಳನ್ನು ಗುರುತಿಸಲಿಕ್ಕೆ ಅಂತ. ಕೆಲವು ನದಿಯಲ್ಲಿ ನಿಲಂಬೂರಿನವರೆಗೆ ಹೋಗಿವೆ ಅಂತ. ಮಲಯಾಳದಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಹೇಳುವುದು ಕಾಸರಗೋಡಿನವರಿಗೆ ದಿನಾ ಮಾಡುವ ಕೆಲಸ, ರೇಷನ್ ಅಂಗಡಿಯಿಂದ ಪಂಚಾಯತ್ ಆಫೀಸಿನವರೆಗೆ. ಅದರ ಬಗ್ಗೆ ನಾವು ಗೊಣಗುವುದೇ ಜಾಸ್ತಿ. ಅಲ್ಲಿ ಉಳಿದ ಮೂರು ದಿನವೂ ನಾನು ಮಾಡಿದ್ದು ಅದೊಂದೇ. ಒಂದು ಬುಟ್ಟಿ ಮಣ್ಣು ಎತ್ತಲಿಲ್ಲ.

ಆ ಅಕ್ಕ ಆಮೇಲೆ ಎಲ್ಲಿಗೆ ಹೋದರು, ತಂಗಿ ಸಿಕ್ಕಿದಳಾ, ನನಗೆ ಗೊತ್ತಿಲ್ಲ. ನನ್ನ ನಂಬರ್ ಕೊಟ್ಟಿದ್ದೆ. ಫೋನ್ ಬಂದಿಲ್ಲ. ಬರಬೇಕೆಂದು ನನಗೂ ಅನಿಸಲಿಲ್ಲ.

ರಶೀದಿ ಪುಸ್ತಕ · ಆಗಸ್ಟ್ 11, ಮಧ್ಯಾಹ್ನ 2:00

ಎಲ್ಲ ಸರಿ. ಎಲ್ಲರೂ ಸೇರಿ ನನ್ನನ್ನು ಕಟುಕ ಮಾಡಬೇಡಿ. ಊರಿನಲ್ಲಿ ಪ್ರವಾಹದ ಹೆಸರಿನಲ್ಲಿ ಡಬ್ಬ ಹಿಡಿದು ಹಣ ಎತ್ತಿ ತಿಂದವರನ್ನು 2018ರಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ಹಾಗಾದರೆ ಮುಂದಿನ ಸಲ ಜನ ಕೊಡುವುದಿಲ್ಲ. ನಷ್ಟ ಯಾರಿಗೆ? ನಿಜವಾಗಿ ಬೇಕಾದವರಿಗೆ.

ಸ್ವರ್ಗದ ಹುಡುಗಿ · ಆಗಸ್ಟ್ 11, ಸಂಜೆ 4:45

ನಾನು ಸ್ವರ್ಗದವಳು. ಹೊರಗಿನವರು ಓದುತ್ತಿದ್ದರೆ: ಅದು ನಮ್ಮ ಎಣ್ಮಕಜೆ ಪಂಚಾಯತಿನ ಒಂದು ಊರಿನ ಹೆಸರು, ತಮಾಷೆ ಅಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಸುರಿದರು.

ಇಲ್ಲಿ ಬರೆದವರೆಲ್ಲ ಕೊಟ್ಟವರು. ನಾನು ತೆಗೆದುಕೊಂಡ ಮನೆಯವಳು. ನನ್ನ ಅಣ್ಣ ಹುಟ್ಟಿದಾಗಿನಿಂದ ಮಲಗಿದಲ್ಲೇ. ನಮ್ಮ ಮನೆಗೆ ಎಷ್ಟು ಮಂದಿ ಬಂದಿದ್ದಾರೆ ಅಂದರೆ ಅಮ್ಮ ಚಾ ಲೋಟ ಬೇರೆಯೇ ತೆಗೆದಿಟ್ಟಿದ್ದಳು. ಒಂದು ಸಂಘದವರು ವೀಲ್‌ಚೇರ್ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಪ್ರತಿ ವರ್ಷ ಅವರ ವಾರ್ಷಿಕೋತ್ಸವಕ್ಕೆ ಅಣ್ಣನನ್ನು ಅದೇ ವೀಲ್‌ಚೇರಿನಲ್ಲಿ ಕೂರಿಸಿ ಕರೆದುಕೊಂಡು ಹೋಗಬೇಕಿತ್ತು. ಜೀಪಿನಲ್ಲಿ ಹೋಗಿ ಬಂದರೆ ಅವನಿಗೆ ಎರಡು ದಿನ ಜ್ವರ. ಮೂರನೇ ವರ್ಷ ಅಮ್ಮ ಆಗುವುದಿಲ್ಲ ಅಂದಳು. "ಉಪಕಾರ ಸ್ಮರಣೆ ಇಲ್ಲ" ಅಂತ ಅವರು ಹೇಳಿದ್ದು ನಮ್ಮ ಕಿವಿಗೂ ಬಿತ್ತು.

2017ರಲ್ಲಿ ಸುಪ್ರೀಂ ಕೋರ್ಟ್ ಐದು ಲಕ್ಷ ಕೊಡಿ ಅಂದಿತು. ಅದು ಸಿಗಲು ಎಷ್ಟು ವರ್ಷ ಕಾಯಬೇಕಾಯಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ.

ಖಜಾಂಚಿಯವರೇ, ನಿಮ್ಮ ಮೇಲೆ ಕೋಪ ಇಲ್ಲ. ಹಣ ಎತ್ತಿದವರು ಕೊಟ್ಟವರಿಗೆ ಲೆಕ್ಕ ಹೇಳಲಿ, ಹೇಳಲೇಬೇಕು. ಮನೆ ಬಿದ್ದವನು ಯಾಕೆ ಹೇಳಬೇಕು?

ರಶೀದಿ ಪುಸ್ತಕ · ಆಗಸ್ಟ್ 11, ಸಂಜೆ 6:10

ತಂಗೀ, ನೀನು ಹೇಳಿದ್ದು ನನಗೆ ತಾಗಿತು. ಇವೆರಡನ್ನೂ ನಾನು ಒಂದೇ ಅಂತ ತಿಳಿದಿದ್ದೆ. ಯೋಚಿಸುತ್ತೇನೆ.

ಪೆರ್ಲ ಅಂಗಡಿ · ಆಗಸ್ಟ್ 11, ರಾತ್ರಿ 11:25

ಎಲ್ಲ ಓದಿದೆ. ಮೊದಲ ಬರಹದಲ್ಲಿ ನಾನು ಒಂದು ವಿಷಯ ಬಿಟ್ಟಿದ್ದೆ. ಮಾಷ್ಟ್ರು ತಮ್ಮದನ್ನು ಹೇಳಿದ ಮೇಲೆ ನಾನು ಸುಮ್ಮನಿದ್ದರೆ ಆಗದು.

"ಒಂದು ಸುದ್ದಿ ಇಲ್ಲ" ಎಂಬುದು ಸುಳ್ಳು. 2015ರ ಜೂನ್ ಕೊನೆಗೆ ನನ್ನ ಮೊಬೈಲಿಗೆ +977 ಅಂತ ಶುರುವಾಗುವ ನಂಬರಿನಿಂದ ಮಿಸ್ಡ್ ಕಾಲ್ ಬಂದಿತ್ತು. ಎರಡು ಸಲ, ಒಂದೇ ದಿನ, ಹತ್ತು ನಿಮಿಷ ಬಿಟ್ಟು. ಅಂಗಡಿಯಲ್ಲಿ ಶಾಲೆ ಶುರುವಿನ ಗಲಾಟೆ, ಕೊಡೆ, ಬ್ಯಾಗ್. ನೇಪಾಳದ್ದು ಅಂತ ನನಗೆ ಗೊತ್ತಿತ್ತು. ಅವನು ಇಲ್ಲಿಂದ ಡಯಲ್ ಮಾಡುವುದನ್ನು ಎಷ್ಟು ಸಲ ನೋಡಿಲ್ಲ ನಾನು! ವಾಪಸ್ ಮಾಡಿದರೆ ನಿಮಿಷಕ್ಕೆ ಎಷ್ಟು ಹೋಗುತ್ತದೋ ಅಂತ ಬಿಟ್ಟೆ. ಇನ್ನೊಂದು ಯೋಚನೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಇನ್ನೂ ಹಣ ಕೇಳಲಿಕ್ಕೆ ಮಾಡಿರಬಹುದು ಅಂತ.

ಕ್ಲಬ್ಬಿನಲ್ಲಿ ಯಾರಿಗೂ ಹೇಳಲಿಲ್ಲ. ಒಂಬತ್ತು ವರ್ಷದಿಂದ ಅವನು ಕಳ್ಳ ಅಂತ ಮಾತು ಬಂದಾಗಲೆಲ್ಲ ಸುಮ್ನೆ ಕೂತಿದ್ದೇನೆ. ಮೊನ್ನೆಯೂ.

ದೋಹಾದಲ್ಲಿ ಪುತ್ತಿಗೆ · ಆಗಸ್ಟ್ 12, ಬೆಳಿಗ್ಗೆ 5:50

ಆ ನಂಬರ್ ಇದೆಯಾ ಅಣ್ಣ? ಇದ್ದರೆ ಮಾಡಿ. ನಿಮಗೆ ಭಾಷೆಯ ತೊಂದರೆ ಅಂತಾದರೆ ನನ್ನ ಪಕ್ಕದ ಹಾಸಿಗೆಯವನು ಮಾತಾಡುತ್ತಾನೆ.

ಪೆರ್ಲ ಅಂಗಡಿ · ಆಗಸ್ಟ್ 13, ರಾತ್ರಿ 8:30

ಆ ಫೋನ್ ಯಾವಾಗಲೋ ಹಾಳಾಗಿ ಹೋಗಿತ್ತು. ಭಾವನ ನಂಬರನ್ನು ಆಗ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದದ್ದು ನೆನಪಿತ್ತು. ಹಳೇ ಕ್ಯಾಲೆಂಡರನ್ನೆಲ್ಲ ಹೆಂಡತಿ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಇಟ್ಟಿದ್ದಳು. ಅಟ್ಟ ಹುಡುಕಿ ಒಂದರಲ್ಲಿ ಸಿಕ್ಕಿತು. ಇವತ್ತು ಮಾಡಿದೆ. ಆ ನಂಬರ್ ಈಗ ಇಲ್ಲ ಅಂತ ಹೆಣ್ಣು ಧ್ವನಿ ನೇಪಾಳಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿತು.

ಸಂಜೆ ಕ್ಲಬ್ಬಿಗೆ ಹೋಗಿ ಆ ಹಿರಿಯರಿಗೆ ಮಿಸ್ಡ್ ಕಾಲಿನ ವಿಷಯ ಹೇಳಿದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿ "ಎರಡು ಸಲವಾ?" ಅಂತ ಕೇಳಿದರು. ಹೌದು ಅಂದೆ. ಮತ್ತೆ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರಶೀದಿ ಪುಸ್ತಕ · ಆಗಸ್ಟ್ 13, ರಾತ್ರಿ 9:15

ವಯನಾಡಿನ ಹಣ ನಾಳೆ ಬ್ಯಾಂಕಿಗೆ ಹೋಗುತ್ತದೆ. ಬಟ್ಟೆ ಯಾರಿಂದಲೂ ತೆಗೆದುಕೊಂಡಿಲ್ಲ, ಕುಂಬಳೆಯವರಿಗೆ ಸಮಾಧಾನವಾಗಲಿ.

ಅಣ್ಣ, ಇನ್ನೊಂದು. 2015ರ ಪುಸ್ತಕ ತೆಗೆದು ನೋಡಿದೆ. ಕೊಟ್ಟವರ ಹೆಸರೆಲ್ಲ ಸರಿಯಾಗಿ ಇದೆ, ಹತ್ತು ರೂಪಾಯಿ ಕೊಟ್ಟವರದ್ದೂ. ಖರ್ಚಿನ ಕಡೆ ಮಾತ್ರ "ಗೂರ್ಖನಿಗೆ" ಅಂತ ಒಂದೇ ಶಬ್ದ ಇದೆ. ಅದನ್ನು ಸರಿ ಮಾಡಿ ಬರೆಯುವ ಅಂತ. ಅವನ ಹೆಸರು ಏನಿತ್ತು?

ಪೆರ್ಲ ಅಂಗಡಿ · ಆಗಸ್ಟ್ 13, ರಾತ್ರಿ 9:20

ನೆನಪಿದೆ. ಇಲ್ಲಿ ಬೇಡ, ಫೋನ್ ಮಾಡಿ ಹೇಳುತ್ತೇನೆ.